ನ್ಯೂನೆನ್ ಊರಿನ ನೇಕಾರ: ಈ ಜಲವರ್ಣ ಚಿತ್ರದ ಬಗ್ಗೆ ಗೊತ್ತಿದ್ದವರು ಸ್ವಲ್ಪ ಹೇಳಿ

ಸೈಕಲ್ ಸವಾರ

ಎಲ್ಲರಿಗೂ ನಮಸ್ಕಾರ. ನಾನು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇದ್ದೇನೆ, ಬಂದು ಎರಡು ವರ್ಷ ಆಯ್ತು. ಹೋದ ಭಾನುವಾರ ಮಳೆ ಇರಲಿಲ್ಲ. ಈ ಊರಲ್ಲಿ ಅದೇ ದೊಡ್ಡ ಸುದ್ದಿ. ಸೈಕಲ್ ತಗೊಂಡು ಪಕ್ಕದ ನ್ಯೂನೆನ್‌ಗೆ ಹೋಗಿದ್ದೆ. ವಿನ್ಸೆಂಟ್ ವ್ಯಾನ್ ಗೋ 1883ರ ಡಿಸೆಂಬರ್‌ನಿಂದ 1885ರ ನವೆಂಬರ್‌ವರೆಗೆ ಇದ್ದ ಊರು ಅದು. ಅವನಪ್ಪ ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚಿನ ಪಾದ್ರಿ. ಆ ಪಾದ್ರಿಮನೆ ಇನ್ನೂ ಗಟ್ಟಿಮುಟ್ಟಾಗಿದೆ. ರಸ್ತೆಯ ಆಚೆ ಬದಿಗೆ ಮ್ಯೂಸಿಯಂ.

ಅಲ್ಲಿಂದ ಒಂದು ಪೋಸ್ಟ್‌ಕಾರ್ಡ್ ತಂದು ಫ್ರಿಜ್ ಮೇಲೆ ಅಂಟಿಸಿದ್ದೇನೆ. 1884ರ ಶುರುವಿನಲ್ಲಿ ಅವನು ಮಾಡಿದ ನೇಕಾರರ ಜಲವರ್ಣಗಳಲ್ಲಿ ಒಂದು. ಸೂರ್ಯಕಾಂತಿಯೂ ಇಲ್ಲ, ಸುರುಳಿ ಸುತ್ತುವ ಆಕಾಶವೂ ಇಲ್ಲ. ಕಂದು, ಬೂದು, ಕಪ್ಪು, ಅಷ್ಟೇ. ಮಗ್ಗ ಇಡೀ ಕಾಗದ ತುಂಬಿಕೊಂಡಿದೆ. ಅದರೊಳಗೆ ಒಬ್ಬ ಮನುಷ್ಯ ಬೋನಿನಲ್ಲಿ ಕೂತ ಹಾಗೆ ಕೂತಿದ್ದಾನೆ. ಮುಖ ಸರಿಯಾಗಿ ಕಾಣುವುದೇ ಇಲ್ಲ.

ದಿನಾ ಹಾಲು ತೆಗೆಯುವಾಗ ನೋಡುತ್ತೇನೆ. ಏನೋ ಕೊರೆಯುತ್ತಿದೆ. ಮನುಷ್ಯನನ್ನು ಯಾಕೆ ಹಾಗೆ ಮುದುರಿಟ್ಟ? ಆ ಹಗ್ಗ, ಕೋಲು, ಹಲಗೆಗಳೆಲ್ಲ ನಿಜವಾಗಿ ಹಾಗೇ ಇರುತ್ತವಾ, ಅಥವಾ ಸುಮ್ನೆ ಗೀಚಿದ್ದಾ? ನನಗೆ ಮಗ್ಗದ ಗಂಧಗಾಳಿ ಇಲ್ಲ. ನಮ್ಮ ಕಡೆ ಅಡಿಕೆ ಬಿಟ್ಟರೆ ಬೇರೇನೂ ಇಲ್ಲ.

ನೀರು ಬಣ್ಣ

ಒಳ್ಳೆ ಚಿತ್ರ ಆರಿಸಿದ್ದೀರಿ. ನಾನು ಮಕ್ಕಳಿಗೆ ಜಲವರ್ಣ ಕಲಿಸುತ್ತೇನೆ, ಬಣ್ಣದ ಕಡೆಯಿಂದ ಒಂದೆರಡು ಮಾತು.

ವಿನ್ಸೆಂಟ್‌ಗೆ ನೀರುಬಣ್ಣ ಹಿಡಿಯುವುದನ್ನು ಹೇಳಿಕೊಟ್ಟವನು ಆಂಟನ್ ಮಾವ್, ಹೇಗ್ ನಗರದಲ್ಲಿ, 1881ರ ಕೊನೆಯಲ್ಲಿ. ಮಾವ್ ಆಗಲೇ ಹೆಸರು ಮಾಡಿದ್ದ ಕಲಾವಿದ. ವಿನ್ಸೆಂಟ್‌ನ ಅಮ್ಮನ ಕಡೆ ಸಂಬಂಧದಲ್ಲಿ ಭಾವ ಆಗಬೇಕು. ಪಾಠ ಬಹಳ ದಿನ ನಡೆಯಲಿಲ್ಲ. ಪ್ಲಾಸ್ಟರ್ ಗೊಂಬೆಗಳನ್ನು ಇಟ್ಟುಕೊಂಡು ಕೈ ಪಳಗಿಸು ಅಂತ ಮಾವ್ ಹೇಳಿದ್ದಕ್ಕೆ, ಇವನು ಸಿಟ್ಟಿನಲ್ಲಿ ಆ ಗೊಂಬೆಗಳನ್ನು ಒಡೆದು ಇದ್ದಿಲು ಡಬ್ಬಿಗೆ ಎಸೆದ. ಶಿಷ್ಯ ಅಂದ್ರೆ ಹೀಗಿರಬೇಕು!

ಕಾರ್ಡನ್ನು ಹತ್ತಿರ ಹಿಡಿದು ನೋಡಿ. ಇದು ಬರೀ ಬಣ್ಣದ ಚಿತ್ರ ಅಲ್ಲ. ಮೊದಲು ಪೆನ್ಸಿಲ್ಲು, ಆಮೇಲೆ ಪೆನ್ನಿನ ಗೆರೆ, ಅದರ ಮೇಲೆ ನೀರುಬಣ್ಣ ಓಡಿಸಿದ್ದಾನೆ. ಜಲವರ್ಣದಲ್ಲಿ ಕತ್ತಲು ಮಾಡುವುದು ಕಷ್ಟದ ಕೆಲಸ. ಒಂದರ ಮೇಲೊಂದು ಬಣ್ಣ ಹಾಕುತ್ತಾ ಹೋದರೆ ಕೆಸರಾಗುತ್ತದೆ. ಅದಕ್ಕೇ ಅವನು ಕತ್ತಲಿನ ಭಾರವನ್ನು ಪೆನ್ನಿನ ಗೆರೆಗಳಿಗೆ ಹೊರಿಸಿದ್ದಾನೆ.

ಇನ್ನೊಂದು ವಿಷಯ. ಅವನ ಆ ಕಾಲದ ಚಿತ್ರಗಳಲ್ಲಿ ಕಪ್ಪಗಿದ್ದ ಎಷ್ಟೋ ಶಾಯಿ ಈಗ ಕಂದಾಗಿದೆ. ಕಾರ್ಡಿನಲ್ಲಿ ಕಾಣುವ ಆ ಬೆಚ್ಚನೆಯ ಬಣ್ಣ ಪೂರ್ತಿ ಅವನದಲ್ಲ, ಸ್ವಲ್ಪ ಕಾಲದ್ದು. ಕಾಗದದ ಮೇಲಿನ ಕೆಲಸ ಬೆಳಕಿಗೆ ಹಾಳಾಗುತ್ತದೆ. ಅದಕ್ಕೇ ಮ್ಯೂಸಿಯಂಗಳು ಇಂಥವನ್ನು ಮಂದ ಬೆಳಕಿನಲ್ಲಿ ಕೆಲವು ದಿನ ತೋರಿಸಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುತ್ತವೆ. ನೀವು ಆಮ್‌ಸ್ಟರ್‌ಡ್ಯಾಂಗೆ ಹೋದಾಗಲೂ ಕಾಣದೇ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಲಾಳಿ

ನಾನು ಗುಳೇದಗುಡ್ಡದವನು. ಅಜ್ಜ, ಅಪ್ಪ ಇಬ್ಬರೂ ಖಣ ನೇಯ್ದವರು. ನಾನು ಬ್ಯಾಂಕಿನಲ್ಲಿ ಇದ್ದೇನೆ, ಆದರೆ ಮಗ್ಗದ ಸದ್ದು ಕೇಳಿಕೊಂಡೇ ಬೆಳೆದವನು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ.

ಸವಾರರೇ, ಅದು ಗೀಚಿದ್ದಲ್ಲ. ಯಾವ ಹಗ್ಗ ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಅನ್ನೋದು ಗೊತ್ತಿದ್ದವನು ಬರೆದದ್ದು. ಹಾಸಿನ ಎಳೆಗಳು ಉದ್ದಕ್ಕೆ ಬಿಗಿದಿರುತ್ತವೆ. ಕಾಲಲ್ಲಿ ಹಲಗೆ ತುಳಿದರೆ ಅರ್ಧ ಎಳೆ ಮೇಲೆ, ಅರ್ಧ ಕೆಳಗೆ. ನಡುವೆ ಬಾಯಿ ತೆರೆದ ಹಾಗಾಗುತ್ತದೆ. ಆ ಬಾಯಿಯಲ್ಲಿ ಲಾಳಿ ಓಡುತ್ತದೆ, ಹೊಕ್ಕಿನ ನೂಲು ಬಿಡುತ್ತಾ. ಆಮೇಲೆ ಬಾಚಣಿಗೆಯಂಥ ಫಣಿಯಿಂದ ಒಂದು ಏಟು, ಎಳೆ ಗಟ್ಟಿಯಾಗಿ ಕೂರುತ್ತದೆ. ಮತ್ತೆ ತುಳಿ, ಮತ್ತೆ ಲಾಳಿ. ದಿನವಿಡೀ ಇದೇ.

ಒಂದು ವ್ಯತ್ಯಾಸ ಇದೆ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯುವುದು. ಚಿತ್ರದ ಮಗ್ಗಕ್ಕೆ ಗುಂಡಿ ಇಲ್ಲ. ಮಂಚದ ಹಾಗೆ ನಾಲ್ಕು ಕಂಬದ ಚೌಕಟ್ಟು ನಿಲ್ಲಿಸಿದ್ದಾರೆ. ಕಂಬಗಳು ನಮ್ಮ ಹಳೇ ಮನೆಯ ಬಾಗಿಲ ತೋಳಿನಷ್ಟು ದಪ್ಪ. ನೇಕಾರ ಒಳಗೆ ಹಲಗೆಯ ಮೇಲೆ ಕೂರುತ್ತಾನೆ. ಹಾಗಾಗಿ ನಿಮಗೆ ಬೋನಿನಲ್ಲಿ ಕೂತ ಹಾಗೆ ಕಂಡದ್ದು ಸರಿಯೇ. ಇಂಥ ಮಗ್ಗದ ಹೊರಗೆ ಕೂತು ಯಾರೂ ನೇಯುವುದಿಲ್ಲ.

ಸೈಕಲ್ ಸವಾರ

ಲಾಳಿ ಅಣ್ಣಾ, ಧನ್ಯವಾದ. ಕಾರ್ಡಿನಲ್ಲಿ ನೆಲ ಮಣ್ಣಿನದಾಗಿ ಕಾಣುತ್ತದೆ, ಅದು ಯಾಕೆ? ಯೂರೋಪಿನಲ್ಲಿ ಮರದ ಹಲಗೆ ಹಾಕಿರುತ್ತಾರೆ ಅಂದುಕೊಂಡಿದ್ದೆ.

ಲಾಳಿ

ಬಡವರ ಮನೆ ಅಲ್ವಾ. ಅದು ಮೊದಲ ಕಾರಣ. ಆದರೆ ಮಣ್ಣಿನ ನೆಲದಿಂದ ಒಂದು ಉಪಕಾರವೂ ಇದೆ. ತಂಪು ಇದ್ದರೆ ನೂಲು ಕಡಿಯುವುದಿಲ್ಲ. ನಾರಗಸೆ, ಅಂದರೆ ಲಿನನ್ ನೂಲಿಗಂತೂ ತೇವ ಬೇಕೇ ಬೇಕು. ನಮ್ಮ ಕುಣಿಯಲ್ಲೂ ಅದೇ ಲಾಭ. ಬೇಸಿಗೆಯಲ್ಲಿ ಅಪ್ಪ ಮಗ್ಗದ ಸುತ್ತ ನೀರು ಚಿಮುಕಿಸುತ್ತಿದ್ದರು. ನೂಲಿಗೆ ಒಳ್ಳೆಯದು, ಮಂಡಿಗೆ ಕೆಟ್ಟದ್ದು.

ಹಳೇ ಕಾಗದ

ಇತಿಹಾಸದ ಹುಚ್ಚಿನವನು ಬಂದೆ, ಜಾಗ ಬಿಡಿ.

ವಿನ್ಸೆಂಟ್ ತಮ್ಮ ಥಿಯೋಗೆ ಬರೆದ ಕಾಗದಗಳನ್ನು ಓದದೆ ಈ ಚಿತ್ರ ಅರ್ಧವೇ ಅರ್ಥವಾಗುವುದು. 1884ರಲ್ಲಿ ಒಂದು ಮಗ್ಗದ ಬಗ್ಗೆ ಬರೆಯುತ್ತಾನೆ. ಹಸಿರು ಬೆರೆತ ಕಂದು ಬಣ್ಣದ ಹಳೇ ಓಕ್ ಮರದ ಮಗ್ಗ. ಅದರ ಮೇಲೆ 1730 ಅಂತ ಇಸವಿ ಕೆತ್ತಿದೆ. ಪಕ್ಕದಲ್ಲಿ ಚಿಕ್ಕ ಕಿಟಕಿ, ಕಿಟಕಿಯಾಚೆ ಹಸಿರು ಹೊಲ. ಕಿಟಕಿಯ ಹತ್ತಿರ ಮಗುವಿನ ಎತ್ತರದ ಕುರ್ಚಿ. ಮಗು ಅದರಲ್ಲಿ ಕೂತು ಗಂಟೆಗಟ್ಟಲೆ ಲಾಳಿ ಅತ್ತಿತ್ತ ಓಡುವುದನ್ನೇ ನೋಡುತ್ತಿರುತ್ತದೆ.

1730 ಅಂದರೆ ಅವನು ನೋಡುವ ಹೊತ್ತಿಗೆ ಆ ಮಗ್ಗಕ್ಕೆ 154 ವರ್ಷ. ಜಾನ್ ಕೇ ಇಂಗ್ಲೆಂಡಿನಲ್ಲಿ ಹಗ್ಗ ಎಳೆದರೆ ತಾನೇ ಓಡುವ ಹಾರುಲಾಳಿಗೆ ಪೇಟೆಂಟ್ ತಗೊಂಡದ್ದು 1733ರಲ್ಲಿ. ಈ ಮಗ್ಗ ಅದಕ್ಕಿಂತ ಮೂರು ವರ್ಷ ದೊಡ್ಡದು. ಹೊರಗೆ ಪೇಟೆಗಳಲ್ಲಿ ಉಗಿಯಂತ್ರದ ಮಗ್ಗಗಳು ಓಡುತ್ತಿದ್ದಾಗ, ಇಲ್ಲಿ ಮುತ್ತಜ್ಜನ ಕಾಲದ ಮರದಲ್ಲೇ ಸಂಸಾರ ಸಾಗುತ್ತಿತ್ತು.

ನಿಮ್ಮ "ಮುದುರಿಟ್ಟ" ಪ್ರಶ್ನೆಗೂ ಕಾಗದದಲ್ಲೇ ಉತ್ತರ ಇದೆ. ಗೆಳೆಯ ಆಂಥನ್ ಫಾನ್ ರಾಪಾರ್ಡ್ ಕೂಡ ಚಿತ್ರಕಾರ. ಅವನಿಗೆ ಬರೆಯುವಾಗ ಮಗ್ಗವನ್ನು ಮಸಿ ಹಿಡಿದ ಕರೀ ರಾಕ್ಷಸ ಅನ್ನುತ್ತಾನೆ. ಅದರ ನಡುವೆ ಮಂಗನೋ ಕುಳ್ಳ ಭೂತವೋ ಅನ್ನೋ ಹಾಗೆ ಒಂದು ಜೀವ ಕೂತು ಬೆಳಗಿಂದ ರಾತ್ರಿವರೆಗೆ ಕೋಲುಗಳನ್ನು ಲಟಪಟ ಅನ್ನಿಸುತ್ತಿರುತ್ತದೆ ಅಂತ ಬರೆಯುತ್ತಾನೆ. ಆ ಜೀವ ಕೂತಿದ್ದ ಜಾಗದಲ್ಲಿ ನಾಲ್ಕು ಗೀರು, ಒಂದಷ್ಟು ಮಸಿ ಹಾಕಿದೆ, ಅಷ್ಟೇ ಅಂತಾನೆ. ಬರೀ ಯಂತ್ರದ ನಕ್ಷೆಗೂ ತನ್ನ ಚಿತ್ರಕ್ಕೂ ಇರುವ ವ್ಯತ್ಯಾಸವೇ ಆ ನಾಲ್ಕು ಗೀರು ಅನ್ನೋದು ಅವನ ವಾದ. ಮಗ್ಗದೊಳಗಿಂದ ಆಗಾಗ ಒಂದು ನಿಟ್ಟುಸಿರು ಕೇಳಬೇಕಂತೆ.

ಬಾಯಿಬಡುಕ

ಕ್ಷಮಿಸಿ, ಇಲ್ಲಿ ಸ್ವಲ್ಪ ಹುಳಿ ಹಿಂಡುತ್ತೇನೆ.

ಪಾದ್ರಿಯ ಮಗ. ಬಡವರ ಗುಡಿಸಲಿಗೆ ಹೋಗಿ, ಅವರನ್ನು ಮಂಗ, ಭೂತ ಅಂತ ಕರೆದು, ಚಿತ್ರ ಬರೆದ. ನಾವು ಅದನ್ನು ಹಳ್ಳಿಯ ನಿತ್ಯಜೀವನ ಅಂತ ಫ್ರಿಜ್‌ಗೆ ಅಂಟಿಸಿಕೊಂಡಿದ್ದೇವೆ. ಆ ನೇಕಾರನ ಹೆಸರು ಯಾರಿಗಾದರೂ ಬೇಕಾಯಿತಾ? ಕೃಷಿಕರ, ಕೂಲಿಯವರ ಫೋಟೋ ತೆಗೆದು ಲೈಕ್ ಗಿಟ್ಟಿಸುವವರು ಈಗಲೂ ಇದ್ದಾರೆ. ನನಗೆ ದೊಡ್ಡ ವ್ಯತ್ಯಾಸ ಕಾಣುತ್ತಿಲ್ಲ.

ನೀರು ಬಣ್ಣ

ಫೋಟೋ ತೆಗೆಯುವವರು ಎರಡು ನಿಮಿಷದಲ್ಲಿ ಹೋಗುತ್ತಾರೆ ಸರ್. ಇವನು ತಿಂಗಳುಗಟ್ಟಲೆ ಕೂತ. ನೇಕಾರರನ್ನೇ ಹತ್ತರಷ್ಟು ತೈಲಚಿತ್ರ ಮಾಡಿದ್ದಾನೆ, ಜಲವರ್ಣ ಮತ್ತು ಪೆನ್ನಿನ ಚಿತ್ರಗಳು ಬೇರೆ. ಆ ಕೋಣೆಗಳು ಎಷ್ಟು ಇಕ್ಕಟ್ಟು ಅಂದರೆ ಮಗ್ಗ ಪೂರ್ತಿ ಕಾಣುವಷ್ಟು ಹಿಂದೆ ಸರಿಯಲು ಜಾಗವೇ ಇರುತ್ತಿರಲಿಲ್ಲ. ಬಹಳ ಜನರ ಪ್ರಯತ್ನ ಕೆಡುವುದು ಇದಕ್ಕೇ ಇರಬೇಕು ಅಂತ ಅವನೇ ಬರೆದಿದ್ದಾನೆ. ಕೊನೆಗೆ ಎರಡು ಮಗ್ಗ ಇರುವ ಒಂದು ಕೋಣೆ ಸಿಕ್ಕಿತು. ಮಗ್ಗ ಕಾಗದದ ಅಂಚಿಗೆ ಬಂದು ಒತ್ತುವುದಕ್ಕೆ ಇದೂ ಒಂದು ಕಾರಣ. ಚಿತ್ರಕಾರನ ಬೆನ್ನು ಗೋಡೆಗೆ ತಾಗಿತ್ತು.

ಅದೇ 1884ರ ಜನವರಿ 17ರಂದು ಅವನ ಅಮ್ಮ ರೈಲಿನಿಂದ ಇಳಿಯುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡರು. ಮನೆಯಲ್ಲಿ ಅವರ ಆರೈಕೆ, ಬಿಡುವಾದಾಗ ನೇಕಾರರ ಮನೆ. ಈ ಜಲವರ್ಣಗಳ ಕಾಲ ಹೀಗಿತ್ತು.

ಬಾಯಿಬಡುಕ

ಸರಿ ಮೇಡಂ, ಕೂತ. ಒಪ್ಪಿದೆ. ಆದರೆ ದುಡ್ಡಿನ ಲೆಕ್ಕ ಹೇಳಿ. ನೇಕಾರ ಎಷ್ಟು ದುಡಿಯುತ್ತಿದ್ದ, ಇವನ ಕೈಗೆ ಎಷ್ಟು ಬರುತ್ತಿತ್ತು?

ಹಳೇ ಕಾಗದ

ಒಳ್ಳೆ ಪ್ರಶ್ನೆ. ಲೆಕ್ಕವನ್ನು ವಿನ್ಸೆಂಟೇ ಬರೆದಿಟ್ಟಿದ್ದಾನೆ.

ಚೆನ್ನಾಗಿ ದುಡಿಯುವ ನೇಕಾರ ವಾರಕ್ಕೆ ಒಂದು ತಾನು ಬಟ್ಟೆ ಮುಗಿಸುತ್ತಾನೆ. 60 ಎಲ್ ಉದ್ದ, ಎಲ್ ಅಂದರೆ ನಮ್ಮ ಮೊಳದ ಹಾಗೆ ಬಟ್ಟೆಯ ಅಳತೆ. ಅವನು ನೇಯುವಾಗ ಎದುರಿಗೆ ಒಬ್ಬ ಹೆಂಗಸು ಕೂತು ನೂಲು ಸುತ್ತಿಕೊಡುತ್ತಲೇ ಇರಬೇಕು. ಅಂದರೆ ಇಬ್ಬರ ದುಡಿಮೆ. ಆ ತಾನಿನಿಂದ ಕೈಗೆ ಉಳಿಯುವುದು ವಾರಕ್ಕೆ ಸುಮಾರು ನಾಲ್ಕೂವರೆ ಗಿಲ್ಡರ್ (ಆಗಿನ ಡಚ್ ನಾಣ್ಯ, ನೂರು ಸೆಂಟಿಗೆ ಒಂದು). ಅದೂ ಪ್ರತಿ ವಾರ ಅಲ್ಲ. ತಾನು ತಗೊಂಡು ಹೋದರೆ, ಮುಂದಿನದನ್ನು ಒಂದೆರಡು ವಾರ ಬಿಟ್ಟು ತಾ ಅಂತ ಮಾಲೀಕ ವಾಪಸ್ ಕಳಿಸುತ್ತಾನೆ. ಕೂಲಿಯೂ ಕಮ್ಮಿ, ಕೆಲಸವೂ ಕಮ್ಮಿ.

ಇನ್ನು ವಿನ್ಸೆಂಟ್. ಪ್ಯಾರಿಸ್ಸಿನಿಂದ ಥಿಯೋ ತಿಂಗಳಿಗೆ 150 ಫ್ರಾಂಕ್ ಕಳಿಸುತ್ತಿದ್ದ. ಗಿಲ್ಡರ್‌ಗೆ ತಿರುಗಿಸಿದರೆ 70 ದಾಟುತ್ತದೆ. ನೇಕಾರನ ಇಡೀ ಮನೆಯ ಗಳಿಕೆಯ ಮೂರು ಪಟ್ಟಿಗಿಂತ ಜಾಸ್ತಿ. ಬಣ್ಣ, ಕಾಗದ, ಚಿತ್ರಕ್ಕೆ ಕೂರುವವರಿಗೆ ಕೊಡುವ ದುಡ್ಡು ಎಲ್ಲ ಅದರಲ್ಲೇ, ನಿಜ. ಆದರೂ ಬಡ ಕಲಾವಿದ ಅನ್ನೋ ನಮ್ಮ ಕಥೆ ಈ ಮನೆಗಳ ಎದುರು ಸ್ವಲ್ಪ ಸಣ್ಣದಾಗುತ್ತದೆ. ಬಾಯಿಬಡುಕರಿಗೆ ಇದರಲ್ಲಿ ಅರ್ಧ ಅಂಕ.

ಬಾಯಿಬಡುಕ

ಅರ್ಧ ಅಂಕಕ್ಕೆ ಧನ್ಯವಾದ. ಮುಕ್ಕಾಲು ಕೊಡಬಹುದಿತ್ತು.

ಲಾಳಿ

ಆ ಎದುರಿಗೆ ಕೂತ ಹೆಂಗಸಿನ ಮಾತು ಬಂತಲ್ಲ, ಇವತ್ತು ಮನೆಯಲ್ಲಿ ನಡೆದದ್ದು ಹೇಳುತ್ತೇನೆ.

ಊಟ ಆದ ಮೇಲೆ ಅವ್ವನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಯಾರು ಬರೆದದ್ದು, ಯಾವ ದೇಶ, ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು: "ಮಗ್ಗ ಖರೇ ಐತಿ. ಆದ್ರ ಕಂಡಿಕಿ ಸುತ್ತಾಕಿ ಎಲ್ಲಿ ಅದಾಳ?"

ಗೊತ್ತಿಲ್ಲದವರಿಗೆ: ಲಾಳಿಯೊಳಗೆ ಕೂರುವ ನೂಲಿನ ಸುರುಳಿಯೇ ಕಂಡಿಕೆ. ರಾಟೆ ತಿರುಗಿಸಿ ಒಂದೊಂದನ್ನೇ ಸುತ್ತಬೇಕು. ಬಿಗಿ ಹೆಚ್ಚಾದರೆ ಎಳೆ ಕಡಿಯುತ್ತದೆ, ಸಡಿಲಾದರೆ ಲಾಳಿಯೊಳಗೆ ಕುಸಿದು ಗೋಜಲಾಗುತ್ತದೆ. ಕಂಡಿಕೆ ಖಾಲಿಯಾದರೆ ಮಗ್ಗ ನಿಲ್ಲುತ್ತದೆ. ಅಪ್ಪ ಲಾಳಿಯನ್ನು ಎರಡು ಸಲ ಹಲಗೆಗೆ ಕುಟ್ಟುತ್ತಿದ್ದರು, ಕಂಡಿಕೆ ತಾ ಅಂತ. ಅವ್ವ ಒಲೆಯ ಮುಂದೆ ಇದ್ದರೂ ರೊಟ್ಟಿ ಬಿಟ್ಟು ಓಡಬೇಕು. ಕೂಲಿ ಬರುತ್ತಿದ್ದದ್ದು ಅಪ್ಪನ ಹೆಸರಿಗೆ ಮಾತ್ರ.

ಹಾಗಾಗಿ ಅವ್ವ ಮೊದಲು ಹುಡುಕಿದ್ದು ತನ್ನ ಜಾಗವನ್ನು.

ಹಳೇ ಕಾಗದ

ಅವ್ವನಿಗೆ ಹೇಳಿ, ವಿನ್ಸೆಂಟ್ ಅವಳನ್ನು ಮರೆತಿಲ್ಲ ಅಂತ. ಲೆಕ್ಕ ಹಾಕುವಾಗ ಇಬ್ಬರ ದುಡಿಮೆ ಅಂತ ಬರೆದನಲ್ಲ. ರಾಟೆಯ ಮುಂದೆ ಕೂತು ನೂಲು ಸುತ್ತುವ ಹೆಂಗಸರ ಚಿತ್ರಗಳನ್ನೂ ನ್ಯೂನೆನ್‌ನಲ್ಲಿ ಮಾಡಿದ್ದಾನೆ. ಆದರೆ ಬಹಳಷ್ಟು ಮಗ್ಗದ ಚಿತ್ರಗಳಲ್ಲಿ ಗಂಡಸು ಒಬ್ಬನೇ. ನಾನು ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಆ ಖಾಲಿ ಜಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನೀರು ಬಣ್ಣ

ನೂಲಿನ ಮಾತು ಬಂದಾಗ ಇನ್ನೊಂದು ನೆನಪಾಯಿತು. ವಿನ್ಸೆಂಟ್‌ನ ಹತ್ತಿರ ಕೆಂಪು ಮೆರುಗಿನ ಒಂದು ಪೆಟ್ಟಿಗೆ ಇತ್ತು. ಒಳಗೆ ಬಣ್ಣಬಣ್ಣದ ಉಣ್ಣೆ ನೂಲಿನ ಉಂಡೆಗಳು. ಎರಡು ಮೂರು ಬಣ್ಣದ ಎಳೆಗಳನ್ನು ಸೇರಿಸಿ ಸುತ್ತಿ, ಯಾವ ಬಣ್ಣದ ಪಕ್ಕ ಯಾವುದು ಹೇಗೆ ಕಾಣುತ್ತದೆ ಅಂತ ನೋಡುತ್ತಿದ್ದ. ಆ ಪೆಟ್ಟಿಗೆ ಈಗ ಆಮ್‌ಸ್ಟರ್‌ಡ್ಯಾಂನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ.

1885ರಲ್ಲಿ ಆಲೂಗಡ್ಡೆ ತಿನ್ನುವವರ ಚಿತ್ರ ಮಾಡುವಾಗ ನೇಕಾರರನ್ನೇ ಉದಾಹರಣೆ ಕೊಡುತ್ತಾನೆ. ದೂರದಿಂದ ಬೂದು ಕಾಣುವ ಬಟ್ಟೆಯನ್ನು ಹತ್ತಿರದಿಂದ ನೋಡಿದರೆ ಕೆಂಪು, ನೀಲಿ, ಹಳದಿ ಎಳೆಗಳು ಇರುತ್ತವೆ. ಬೂದು ಬಣ್ಣ ಅಂಗಡಿಯಿಂದ ಬರುವುದಲ್ಲ, ಎಳೆಗಳು ಸೇರಿ ಆಗುವುದು. ಆಮೇಲೆ ಫ್ರಾನ್ಸಿನಲ್ಲಿ ಅವನ ಬಣ್ಣ ಉರಿದದ್ದಕ್ಕೆ ಜನ ಪ್ಯಾರಿಸ್ಸನ್ನು, ಬಿಸಿಲನ್ನು ಹೊಗಳುತ್ತಾರೆ. ನನಗಂತೂ ಆ ಪಾಠದ ಶುರು ಈ ಮಣ್ಣಿನ ನೆಲದ ಕೋಣೆಗಳಲ್ಲೇ ಕಾಣುತ್ತದೆ.

ಲಾಳಿ

ಇದು ನಮಗೆ ಹೊಸದಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಹಾಕಿದರೆ ಬಟ್ಟೆ ಮೂರನೇ ಬಣ್ಣ ತೋರಿಸುತ್ತದೆ. ಅಲುಗಾಡಿಸಿದರೆ ಮಿಂಚುತ್ತದೆ. ಅಂಗಡಿಯವರು ಅದಕ್ಕೆ ಜಾಸ್ತಿ ದುಡ್ಡು ಹೇಳುತ್ತಾರೆ.

ಹೊಸ ಸದಸ್ಯೆ

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲು ಹೆದರಿಕೆ. ಒಂದು ಪ್ರಶ್ನೆ. ಆ ಕಾಲದಲ್ಲಿ ಈ ಚಿತ್ರಗಳನ್ನು ಯಾರಾದರೂ ಕೊಂಡರಾ?

ಹಳೇ ಕಾಗದ

ಹೆದರಬೇಡಿ, ಬಾಯಿಬಡುಕರು ಕಚ್ಚುವುದಿಲ್ಲ.

ಕೊಳ್ಳಲಿಲ್ಲ. 1884ರ ಶುರುವಿನಲ್ಲಿ ಅಣ್ಣತಮ್ಮಂದಿರ ನಡುವೆ ಒಂದು ಒಪ್ಪಂದ ಆಯಿತು. ಥಿಯೋ ಕಳಿಸುವ ದುಡ್ಡಿಗೆ ಬದಲಾಗಿ ವಿನ್ಸೆಂಟ್ ಚಿತ್ರ ಕಳಿಸುವುದು. ಭಿಕ್ಷೆ ಅನ್ನಿಸಬಾರದು, ಸಂಬಳ ಅನ್ನಿಸಬೇಕು ಅನ್ನೋದು ಅವನ ಆಸೆ. ಥಿಯೋ ಪ್ಯಾರಿಸ್ಸಿನಲ್ಲಿ ಚಿತ್ರ ಮಾರುವ ಅಂಗಡಿಯಲ್ಲೇ ಕೆಲಸಕ್ಕಿದ್ದ. ಆದರೂ ಈ ಕಪ್ಪು ಚಿತ್ರಗಳು ಓಡಲಿಲ್ಲ. ಇದೇ ವಿಷಯಕ್ಕೆ ಇಬ್ಬರೂ ಕಾಗದದಲ್ಲೇ ಜಗಳ ಆಡಿದ್ದಾರೆ.

ಆಮೇಲಿನ ಕಥೆ ಇನ್ನೂ ಸೊಗಸು, ಹೊಟ್ಟೆ ಉರಿಯುವಂಥ ಸೊಗಸು. 1885ರ ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡರು. ನವೆಂಬರ್‌ನಲ್ಲಿ ವಿನ್ಸೆಂಟ್ ಆಂಟ್‌ವರ್ಪ್‌ಗೆ ಹೊರಟುಹೋದ, ಬಹಳಷ್ಟು ಚಿತ್ರಗಳನ್ನು ಅಲ್ಲೇ ಬಿಟ್ಟು. ಮುಂದಿನ ವರ್ಷ ಅಮ್ಮ ಬ್ರೆಡಾ ಊರಿಗೆ ಮನೆ ಬದಲಿಸಿದರು. ಚಿತ್ರಗಳ ಪೆಟ್ಟಿಗೆಗಳು ಅಲ್ಲಿನ ಒಬ್ಬ ಬಡಗಿಯ ಹತ್ತಿರ ಉಳಿದವು. ವರ್ಷಗಳಾದ ಮೇಲೆ ಅವು ಕೂವ್ರರ್ ಅನ್ನೋ ಗುಜರಿ ವ್ಯಾಪಾರಿಯ ಕೈಸೇರಿದವು. ಅವನು ಕೈಗಾಡಿಯಲ್ಲಿ ಇಟ್ಟುಕೊಂಡು ಸಂತೆಯಲ್ಲಿ ಐದು ಸೆಂಟು, ಹತ್ತು ಸೆಂಟಿಗೆ ಮಾರಿದ. ಕೆಲವನ್ನು ಹರಿದು ಎಸೆದ. ಆ ಹೊತ್ತಿಗೆ ವಿನ್ಸೆಂಟ್ ಸತ್ತು ಹತ್ತು ವರ್ಷ ಕಳೆದಿತ್ತು.

ಬಾಯಿಬಡುಕ

ನಾಲ್ಕೂವರೆ ಗಿಲ್ಡರ್‌ಗೆ, ಚಿತ್ರಕ್ಕೆ ಹತ್ತು ಸೆಂಟಿನ ಲೆಕ್ಕದಲ್ಲಿ, 45 ವ್ಯಾನ್ ಗೋ ಬರುತ್ತಿದ್ದವು. ಆ ನೇಕಾರ ಒಂದು ವಾರದ ದುಡಿಮೆ ಹಾಕಿದ್ದರೆ ಮೊಮ್ಮಕ್ಕಳು ಅರಮನೆ ಕಟ್ಟಿಸಬಹುದಿತ್ತು.

ಲಾಳಿ

ಒಂದು ವಾರ ಉಣ್ಣದೆ ಇರಬೇಕಿತ್ತಲ್ಲ ಸರ್.

ಬಾಯಿಬಡುಕ

ಹೌದು. ಅದನ್ನು ಮರೆತೆ.

ಸೈಕಲ್ ಸವಾರ

ಇವತ್ತು ಕೆಲಸ ಮುಗಿಸಿ ಮತ್ತೆ ನ್ಯೂನೆನ್ ಕಡೆ ಹೋಗಿ ಬಂದೆ. ಈ ದಾರಿಯಲ್ಲಿ ಒಂದು ಕಡೆ ರಾತ್ರಿ ಹೊಳೆಯುವ ಸೈಕಲ್ ಹಾದಿ ಇದೆ, 2014ರಲ್ಲಿ ಡಾನ್ ರೋಸೆಗಾರ್ಡೆ ಅನ್ನೋ ಕಲಾವಿದ ಮಾಡಿದ್ದು. ಸಾವಿರಾರು ಸಣ್ಣ ಹರಳುಗಳು ಹಗಲು ಬೆಳಕು ಕುಡಿದು ರಾತ್ರಿ ವ್ಯಾನ್ ಗೋ ಆಕಾಶದ ಹಾಗೆ ಸುರುಳಿ ಸುರುಳಿಯಾಗಿ ಹೊಳೆಯುತ್ತವೆ. ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಆ ನಕ್ಷತ್ರದ ಚಿತ್ರ ಅವನು ಮಾಡಿದ್ದು ಫ್ರಾನ್ಸಿನಲ್ಲಿ. ಈ ಊರಲ್ಲಿ ಅವನು ನೋಡಿದ್ದು ಮಗ್ಗ, ಆಲೂಗಡ್ಡೆ, ಚಳಿ. ಮಗ್ಗದ ಆಕಾರದ ಹಾದಿ ಮಾಡಿದರೆ ಯಾರು ಬರುತ್ತಾರೆ ಅಂತೀರಾ, ಅದೂ ಸರಿ.

ಇನ್ನೊಂದು. ಇಲ್ಲಿ ವ್ಯಾನ್ ಗೋ ಅಂದರೆ ಯಾರಿಗೂ ತಿಳಿಯುವುದಿಲ್ಲ. ಫಾನ್ ಖೋಖ್ ಅನ್ನಬೇಕು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗೆ.

ಲಾಳಿ ಅಣ್ಣಾ, ಅವ್ವ ಹೇಳಿದ ಆ ಕಂಡಿಕೆ ರಾಟೆ ಇನ್ನೂ ಇದೆಯಾ? ಒಂದು ಫೋಟೋ ಹಾಕ್ತೀರಾ? ಕಾರ್ಡಿನ ಪಕ್ಕ ಅಂಟಿಸಿಕೊಳ್ಳುತ್ತೇನೆ.

ಲಾಳಿ

ಮಗ್ಗ ಬಿಚ್ಚಿ ಹನ್ನೊಂದು ವರ್ಷ ಆಯ್ತು. ರಾಟೆ ಅಟ್ಟದ ಮೇಲಿದೆ, ಒಂದು ಕಾಲು ಮುರಿದಿದೆ. ಭಾನುವಾರ ಇಳಿಸುತ್ತೇನೆ.

ಲಾಳಿ

ಇಳಿಸಿದೆ. ಫೋಟೋ ಹಾಕಿದ್ದೇನೆ, ಬೆಳಕು ಸಾಲದು, ಕ್ಷಮಿಸಿ. 1730ರ ಹಾಗೆ ಇಸವಿ ಏನಾದರೂ ಇದೆಯಾ ಅಂತ ಧೂಳು ಒರೆಸಿ ಹುಡುಕಿದೆ. ಇಸವಿ ಇಲ್ಲ. ಹಲಗೆಯ ಕೆಳಬದಿಗೆ ಸೀಮೆಸುಣ್ಣದಲ್ಲಿ ಸಾಲಾಗಿ ಗೀಟು ಎಳೆದಿದ್ದಾರೆ, ಐದೈದರ ಗುಂಪು. ನೇಯ್ದ ಲೆಕ್ಕ ಇರಬೇಕು ಅಂದುಕೊಂಡೆ. ಅವ್ವನನ್ನು ಕೇಳಿದರೆ ನಕ್ಕಳು. ಹಾಲಿನವನ ಲೆಕ್ಕವಂತೆ.